ಹಲ್ಲು ಕಚ್ಚಿಕೊಂಡವಳು

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಹಲ್ಲಿನ ಡಾಕ್ಟರ ಅಕ್ಕನ ಕೆಳದವಡೆಯ ಹಲ್ಲನ್ನು ಮಾತು, ತೂತು ಎರಡೂ ಸೇರಿಯೇ ಕೆಡಿಸಿದವು.

ತಾಯಿಯಿಲ್ಲದ ತಮ್ಮನಿಗೆ ಅಗಿದು ಉಣಿಸಿ ಬೆಳೆಸಿದವಳು ಆಕೆ. ಎಂಟು ತಿಂಗಳ ಹಿಂದೆ ಅವನೇ ಆ ಹಲ್ಲಿನ ಎರಡು ಬೇರುಗಳ ನರ ತೆಗೆದು, ತೊಳೆದು, ತುಂಬಿ, ಮೇಲೆ ಕ್ಯಾಪ್ ಕೂರಿಸಿದ್ದ. ವಾರ ಕಳೆದು ಅಕ್ಕ ಬಂದಳು. "ಇನ್ನೂ ನೋಯ್ತಿದೆ ಕಣೋ."

"ನರಾನೇ ಇಲ್ಲ, ನೋವೆಲ್ಲಿಂದ ಬರತ್ತೆ? ಎಲ್ಲಾ ನಿನ್ನ ಮನಸ್ಸಿಂದು. ಸ್ವಲ್ಪ ದಿನ ಹಲ್ಲು ಕಚ್ಕೊಂಡಿರು" ಎಂದು ನಕ್ಕಿದ್ದ. ಆಕೆ ಮತ್ತೆ ದೂರಲಿಲ್ಲ.

ಇಂದು ಕೆನ್ನೆ ಊದಿಸಿಕೊಂಡು ಬಂದಿದ್ದಳು. ಎಕ್ಸ್‌-ರೇ ಕೊಳವೆಯನ್ನು ಈ ಸಲ ಓರೆಯಾಗಿ ಹಿಡಿದ. ಹಿಂಬೇರಿನ ಮರೆಯಲ್ಲಿ, ನಾಲಿಗೆಯ ಕಡೆಗೆ, ಕೊಕ್ಕೆಯಂತೆ ಬಾಗಿದ ಮೂರನೆಯ ಬೇರೊಂದಿತ್ತು. ದೇವರು ಎಲ್ಲೋ ಕೆಲವರಿಗಷ್ಟೇ ಇಡುವಂಥದ್ದು. ಹುಡುಕದವರ ಕಣ್ಣಿಗೆ ಬೀಳುವುದಿಲ್ಲ.

ಬಲಗಡೆಯ ಹಲ್ಲುಗಳು ಎಂದೋ ಉದುರಿದ್ದವು. ಎಡಗಡೆ ಅಗಿಯಲು ಉಳಿದದ್ದು ಇದೊಂದೇ, ಇದೂ ಹೋದರೆ ಅಕ್ಕ ಇನ್ನು ಅಗಿಯುವಂತಿಲ್ಲ. ಮನಸ್ಸಿನಲ್ಲೇ ಕೈಮುಗಿದು, ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಕ್ಯಾಪ್ ಬಿಡಿಸಿದ. ಎಳೆಯಂಥ ಸೂಜಿ ಆ ಬೇರಿನೊಳಗೆ ಇಳಿಯಿತು, ಕೀವು ಬಂತು. ಹಲ್ಲು ಉಳಿಯಿತು ಎಂದುಕೊಂಡ. ಕೊನೆಗೊಮ್ಮೆ ಬಿರುಕಿದ್ದರೆ ತೋರಿಸುವ ನೀಲಿ ಬಣ್ಣದ ಹನಿ ಬಿಟ್ಟು ಒರೆಸಿದ. ಕೂದಲೆಳೆಯಷ್ಟು ಗೆರೆಯೊಂದು ಒರೆಸಿದಷ್ಟೂ ಉಳಿಯಿತು, ಹಲ್ಲಿನ ಈ ಗೋಡೆಯಿಂದ ತಳ ದಾಟಿ ಆ ಗೋಡೆಯವರೆಗೆ. ಕೊಳೆತ ಬೇರನ್ನು ತೊಳೆಯಬಹುದು. ಸೀಳಿದ ಹಲ್ಲಿಗೆ ಮದ್ದಿಲ್ಲ.

ಬಾಯಿ ಮುಕ್ಕಳಿಸಲು ಕೊಟ್ಟು ಕೇಳಿದ: "ಅಕ್ಕ, ಗಟ್ಟಿದೇನಾದ್ರೂ ಕಚ್ಚಿದ್ಯಾ?"

"ಏನೂ ಇಲ್ವಲ್ಲೋ. ನೋವು ಬಂದಾಗೆಲ್ಲ ಹಲ್ಲು ಕಚ್ಕೊಂಡಿದ್ದೆ, ಅಷ್ಟೇ. ಡಾಕ್ಟ್ರೇ ಹೇಳಿದ್ರಲ್ಲ!"

ಅವನು ಇಕ್ಕಳ ಹಿಡಿದು ನಿಂತೇ ಇದ್ದ.

"ಕಿತ್ಹಾಕೋ ಮಗಾ. ನೀನು ಅಳ್ತಾ ನಿಂತ್ರೆ ಜೋಮು ಇಳಿದುಹೋಗತ್ತೆ."

ಹಲ್ಲು ಎರಡು ಹೋಳಾಗಿ ಬಂತು. ತಟ್ಟೆಯಲ್ಲಿ ಬೇರುಗಳನ್ನು ಎಣಿಸಿದ, ಈಗ ಸರಿಯಾಗಿ ಮೂರು.

"ನಿಜವಾಗ್ಲೂ ನೋವಿತ್ತು, ಅಕ್ಕ."

"ಗೊತ್ತು ಕಣೋ. ನೋಯ್ತಿದ್ದಿದ್ದು ನಂಗೇ ತಾನೆ?"

ರಕ್ತ ಒಸರುವ ಗುಳಿಯ ಮೇಲೆ ಅರಳೆಯಿಟ್ಟ. ಇನ್ನುಳಿದದ್ದು ದಿನಕ್ಕೆ ಹತ್ತು ಸಲ, ಹತ್ತು ಜನರಿಗೆ ಹೇಳುವ ಒಂದೇ ಮಾತು. ಅದು ಅವನ ಬಾಯಿಗೆ ಬರಲಿಲ್ಲ.

ಅಕ್ಕ ಅವನ ಮುಖ ನೋಡಿದಳು. ಆಮೇಲೆ ಅರಳೆಯನ್ನು ತಾನಾಗಿಯೇ ಕಚ್ಚಿಕೊಂಡಳು.