ಅಳ್ಳಿನ ಜೋಳದ ಮೇಲೆ ಕುಳಿತ ಜಡೆಪ್ಪ

ಸಿರುಗುಪ್ಪದ ‘ಮಕ್ಕಳ ಮನೆ’ ಎಂಬ ಶಿಶುವಿಹಾರದಲ್ಲಿ ನಾನು ಏನೂ ಕಲಿಸುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ಹೇಳಲಿ. ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳ ಕೈಗೆ ಬಳಪ ಕೊಟ್ಟು, ಅಕ್ಷರ ತಿದ್ದಿಸಿ ಅಳಿಸುವ ಕೆಲಸ ನನಗೆ ಬೇಕಿರಲಿಲ್ಲ. ನನ್ನ ಹೆಸರು ಗುರುಬಸಮ್ಮ. ಹುಟ್ಟಿದ್ದು ಕುರುಗೋಡು, ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿ ಪಡೆದದ್ದು ಬಳ್ಳಾರಿಯಲ್ಲಿ. ಊರವರ ಬಾಯಲ್ಲಿ ಮಾತ್ರ ನಾನು ಬರೀ ಪಂತುಲಮ್ಮ, ಅಂದರೆ ಟೀಚರಮ್ಮ. ಪಂತುಲಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದೂ ಹೇಳುತ್ತಿದ್ದರು. ಅದೊಂದು ಮಾತು ಸುಳ್ಳಲ್ಲ.

ಅದು ಐವತ್ತಮೂರನೇ ಇಸವಿಯ ಶ್ರಾವಣ. ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರುತ್ತದೆ ಎಂದು ಗೊತ್ತಾಗಿ, ಚಹದಂಗಡಿಯಲ್ಲಿ ಕುಳಿತ ಗಂಡಸರೆಲ್ಲ ಏನು ಬದಲಾಗುತ್ತದೆ, ಏನು ಇದ್ದ ಹಾಗೇ ಇರುತ್ತದೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನನ್ನ ಮಕ್ಕಳೂ ಅದನ್ನೇ ಕಲಿಯುತ್ತಿದ್ದರು. ಅವರ ಪಾಠದಲ್ಲಿ ಕೂಗಾಟ ಕಡಿಮೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಎರಡು ಬುಟ್ಟಿಗಳ ಆಟವಿತ್ತು. ಬದಲಾಗಿ ಮತ್ತೆ ಮೊದಲಿನಂತಾಗುವ ವಸ್ತು ಒಂದು ಬುಟ್ಟಿಗೆ, ಆಗದ್ದು ಇನ್ನೊಂದಕ್ಕೆ. ಉಪ್ಪನ್ನು ನೀರಿನಲ್ಲಿ ಕರಗಿಸಿ ತಟ್ಟೆಗೆ ಸುರಿದು ಬಿಸಿಲಿಗಿಟ್ಟೆವು. ನೀರು ಆರಿ ಉಪ್ಪು ತಟ್ಟೆಗೆ ಅಂಟಿಕೊಂಡು ಕುಳಿತಿತ್ತು, ಮಕ್ಕಳು ನೆಕ್ಕಿ ನೋಡಿ ಒಪ್ಪಿದರು. ಮಣ್ಣಿನ ಎತ್ತು ಮಾಡಿ ಒಣಗಿಸಿದೆವು, ನೀರು ಹಾಕಿದರೆ ಮತ್ತೆ ಮಣ್ಣಾಯಿತು. ಆದರೆ ಕುಂಬಾರನ ಆವಿಗೆಯಲ್ಲಿ ಬೆಂದ ಮಡಕೆಯ ಚೂರು ಎಷ್ಟು ನೆನೆಸಿದರೂ ಮೆತ್ತಗಾಗಲಿಲ್ಲ. ಸುಟ್ಟ ರೊಟ್ಟಿ ಮತ್ತೆ ಹಿಟ್ಟಾಗಲಿಲ್ಲ. ರೊಟ್ಟಿಯ ಚೂರನ್ನು ಬುಟ್ಟಿಯಿಂದಲೇ ಕಾಗೆ ಎತ್ತಿಕೊಂಡು ಹೋಯಿತು, ಅದಕ್ಕೆ ನಮ್ಮ ಆಟದ ನಿಯಮ ಗೊತ್ತಿರಲಿಲ್ಲ.

ಪಂಚಮಿ ಹತ್ತಿರ ಬಂದಿತ್ತಾದ್ದರಿಂದ ಒಂದು ದಿನ ಅಳ್ಳು ಹುರಿದೆವು. ನಮ್ಮ ಕಡೆ ನಾಗರಪಂಚಮಿಗೆ ಜೋಳ ಹುರಿದು ಅರಳಿಸದ ಮನೆ ಇಲ್ಲ. ಹಿಂದಿನ ದಿನವೇ ಜೋಳಕ್ಕೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಮಕ್ಕಳನ್ನು ಒಲೆಯಿಂದ ದೂರ ಸಾಲಾಗಿ ಕೂರಿಸಿ, ಕಾದ ಬಾಣಲೆಗೆ ಹಿಡಿ ಜೋಳ ಹಾಕಿ ಬಟ್ಟೆಯುಂಡೆಯಿಂದ ತಿರುವಿದೆ. ಚಟಪಟ ಶುರುವಾಯಿತು. ನನ್ನ ಸಹಾಯಕ್ಕಿದ್ದವಳು ಮೂಕಮ್ಮ. ಹೆಸರು ಮಾತ್ರ ಮೂಕಮ್ಮ, ಅವಳ ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಹಾರಿದ ಅಳ್ಳೊಂದು ನೇರವಾಗಿ ಅವಳ ಬಾಯೊಳಗೇ ಬಿದ್ದು, ಮಕ್ಕಳು ನಕ್ಕು ಉರುಳಾಡಿದರು.

ಒಬ್ಬ ಮಾತ್ರ ನಗಲಿಲ್ಲ. ನಾಲ್ಕು ವರ್ಷದ ಜಡೆಪ್ಪ ಒಂದು ಅಳ್ಳನ್ನು ಮುಷ್ಟಿಯಲ್ಲಿಟ್ಟು ಒತ್ತುತ್ತಿದ್ದ. ಕೈ ಬಿಚ್ಚಿ ನೋಡಿದ, ಅದು ಜೋಳವಾಗಿರಲಿಲ್ಲ. ನೀರಿನಲ್ಲಿ ಅದ್ದಿದ, ಮುದ್ದೆಯಾಯಿತು.

"ಪಂತುಲಮ್ಮಾ, ಇದು ತಿರುಗಿ ಜೋಳ ಯಾವಾಗ ಆಗ್ತತಿ?"

"ಆಗಂಗಿಲ್ಲಪ್ಪ. ಅಳ್ಳಾದ್ದು ಅಳ್ಳಾತು."

"ನಾಳಿ?"

"ನಾಳಿನೂ ಇಲ್ಲ."

"ಪಂಚಮಿ ಆದ ಮ್ಯಾಲ?"

"ಯಾವತ್ತೂ ಇಲ್ಲ."

ಅವನು ತನ್ನ ಪಾಲಿನ ಅಳ್ಳನ್ನು ತಿನ್ನದೆ ಎದ್ದು ಹೋದ. ಎಷ್ಟು ಆಳವಾಗಿ ಯೋಚಿಸುತ್ತಾನೆ ಹುಡುಗ ಎಂದು ನಾನು ಒಳಗೊಳಗೇ ಬೀಗಿದೆ.

ಮರುದಿನ ಬೆಳಿಗ್ಗೆ ಅವನ ಅಜ್ಜಿ ದೊಡ್ಡಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಅವಳು ಹಾಗೆ ಬಂದರೆ ಓಣಿಯ ನಾಯಿಗಳೂ ಜಾಗ ಬಿಡುತ್ತವೆ.

"ನಮ್ಮ ಹುಡುಗಗ ಏನ್ ಕಲಿಸೀರಿ ಹೇಳ್ರಿ ಪಂತುಲಮ್ಮಾ. ನಿನ್ನಿ ಸಂಜಿಕೆ ಹಾಲಿಗೆ ಹೆಪ್ಪು ಹಾಕಾಕ ಬಿಡಲಿಲ್ಲ. ಮುಂಜಾನಿ ರೊಟ್ಟಿ ಬಡಿಯಾಕ ಕುಂತರ ಹಿಟ್ಟಿನ ಬುಟ್ಟಿ ಕಸಗೊಂಡು ಓಡಿದ. ಈಗ ಅಳ್ಳಿನ ಜೋಳದ ಚೀಲದ ಮ್ಯಾಲ ಕುಂತು ಬಿಟ್ಟಾನ. ಮುಟ್ಟಾಕ ಹೋದ್ರ ಕಚ್ತಾನ."

"ನಾ ಕಚ್ಚೋದು ಕಲಿಸಿಲ್ಲ," ಎಂದೆ.

"ಮತ್ತ ಯಾರಿಂದ ಬಂತು? ಪಂಚಮಿಗೆ ಅಳ್ಳಿಲ್ಲ ಅಂದ್ರ ಓಣ್ಯಾಗ ಮುಖ ಹೆಂಗ ತೋರಿಸಲಿ? ಮೂರು ಹೊತ್ತು ಹಸೀ ಹಿಟ್ಟು ಮುಕ್ಕಬೇಕೇನು ನಾವು?"

"ನನ್ನ ಪಾಠ ಸರಿ ಐತಿ. ನಿಮ್ಮ ಮನ್ಯಾಗ ಏನೋ ಆಗೈತಿ. ನಡೀರಿ, ನೋಡೋಣು."

ಮಕ್ಕಳನ್ನು ಮೂಕಮ್ಮನಿಗೆ ಒಪ್ಪಿಸಿ ಹೊರಟೆ. ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಲೇ ನಡೆದೆವು, ಅವಳು ಜೋರಾಗಿ, ನಾನು ಮನಸ್ಸಿನಲ್ಲಿ.

ಜಡೆಪ್ಪ ನಡುಮನೆಯ ಮೂಲೆಯಲ್ಲಿ ಚೀಲದ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟು ಕೋಣದ ಮೇಲೆ ಕುಳಿತಂತೆ ಕುಳಿತಿದ್ದ. ಅವನ ಅಪ್ಪ ಎರ್ರೆಪ್ಪ ಅಕ್ಕಿ ಗಿರಣಿಗೆ ಹೊರಟು ನಿಂತವನು, ತೋಳಿನ ಮೇಲಿನ ಹಲ್ಲಿನ ಗುರುತು ತೋರಿಸಿ ಪೆಚ್ಚುನಗೆ ನಕ್ಕ. "ನನ್ ಕೈಲಿ ಆಗಂಗಿಲ್ರಿ ಪಂತುಲಮ್ಮಾರ," ಎಂದು ಹೇಳಿ ಗಿರಣಿಗೆ ಓಡಿದ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಗಿರಣಿ ಬಹಳ ಅನುಕೂಲ.

ನಾನು ಕಚ್ಚಲು ಸಿಗದಷ್ಟು ದೂರದಲ್ಲಿ ನೆಲದ ಮೇಲೆ ಕುಳಿತೆ.

"ಯಾಕಪ್ಪ ಜಡೆಪ್ಪ, ಅಳ್ಳು ಬ್ಯಾಡೇನು?"

"ಬ್ಯಾಡ. ಜೋಳ ಜೋಳನ ಇರ್ಲಿ."

"ಈ ಜೋಳ ಹೋದ್ರ ಏನಾತು? ಹೊಲದಾಗ ಬ್ಯಾರೆ ಜೋಳ ಬೆಳೀತತಿ."

ಅವನು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. "ಬ್ಯಾರೆ ಅವ್ವ ಬೆಳೀತಾಳೇನು?"

ಆಗ ನನಗೆ ತಿಳಿಯಿತು. ಅವನ ತಾಯಿ ಹುಲುಗಮ್ಮ ಎರಡನೇ ಹೆರಿಗೆಗೆಂದು ಬೇಸಿಗೆಗೆ ಮುಂಚೆಯೇ ತವರೂರು ರಾರಾವಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಸಿರುಗುಪ್ಪದಲ್ಲಿ ದಡಾರ ಎದ್ದಿದ್ದರಿಂದ ಹಸುಗೂಸಿದ್ದ ಮನೆಗೆ ಇವನನ್ನು ಕರೆದೊಯ್ದಿರಲಿಲ್ಲ. ಪಂಚಮಿಯನ್ನು ತವರಿನಲ್ಲೇ ಮುಗಿಸಿಕೊಂಡು, ಐದನೇ ತಿಂಗಳಲ್ಲಿ ಒಳ್ಳೆಯ ದಿನ ನೋಡಿ ಅವಳು ಬರುವವಳಿದ್ದಳು. ಅಷ್ಟೂ ದಿನ ಈ ಹುಡುಗ ಅವ್ವ ಎಲ್ಲಿ, ಅವ್ವ ಎಲ್ಲಿ ಎಂದು ಅಜ್ಜಿಯ ಜೀವ ತಿಂದಿದ್ದ.

"ನೀವು ಇವಗ ಏನ್ ಹೇಳೀರಿ?" ಎಂದು ದೊಡ್ಡಬಸಮ್ಮನನ್ನು ಕೇಳಿದೆ.

"ನಾನೇನ್ ಹೇಳಲಿ? ಅತ್ತು ಅತ್ತು ತಲಿ ತಿನ್ನಾಕತ್ತಿದ್ದ. ನಗಸಾಕಂತ ಒಂದ್ ಮಾತು ಅಂದೆ. ಅಳಬ್ಯಾಡಲೇ, ನಿಮ್ಮವ್ವ ಈಗ ನಿಮ್ಮವ್ವ ಅಲ್ಲ, ತಂಗಿ ಅವ್ವ ಆಗ್ಯಾಳ ಅಂತ."

ಅಜ್ಜಿಯ ಚೇಷ್ಟೆ, ನನ್ನ ಪಾಠ. ಎರಡನ್ನೂ ಹುಡುಗ ಜೋಡಿಸಿಕೊಂಡಿದ್ದ. ಅವ್ವ ಜೋಳದಂತೆ ಹೋದಳು, ಅಳ್ಳಾಗಿ ಬರುತ್ತಾಳೆ, ಇನ್ನೆಂದೂ ತನ್ನ ಅವ್ವ ಆಗುವುದಿಲ್ಲ. ಅವನ ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಆಡುವ ಮಾತಿಗೆ ಅಗಸೆ ಬಾಗಿಲಿಲ್ಲದ ಮುದುಕಿ ಎಂದು ಅವಳನ್ನು ಬೈದುಕೊಂಡೆ. ಅವಳೂ ನನ್ನನ್ನು ಏನೆಂದು ಬೈದುಕೊಂಡಳೋ, ಮುಖದಲ್ಲಿ ಕಾಣುತ್ತಿತ್ತು.

ನಾನು ತರಬೇತಿ ಪಡೆದವಳಲ್ಲವೇ, ಇನ್ನೊಂದು ಪಾಠ ಹುಡುಕಿದೆ. ನೆಲುವಿನ ಮೇಲಿದ್ದ ಮೊಸರಿನ ಗಡಿಗೆ ಇಳಿಸಿ, ಅದರಿಂದ ಒಂದು ಚಮಚ ತೆಗೆದು ಬೆಚ್ಚಗಿನ ಹಾಲಿಗೆ ಹಾಕಿದೆ.

"ನೋಡು ಜಡೆಪ್ಪ. ಈ ಹಾಲು ಸಂಜಿಕೆ ಮೊಸರಾಗ್ತತಿ. ಹೌದಿಲ್ಲ? ಆದ್ರ ಹೆಪ್ಪು ಕೊಟ್ಟ ಈ ಹಳೇ ಮೊಸರು ಏನಾತು? ಮೊಸರ ಐತಿ. ನಿಮ್ಮವ್ವನೂ ಹಂಗ. ತಂಗಿ ಬಂದ್ರೂ ಅವ್ವ ಅವ್ವನ ಇರ್ತಾಳ."

ಎಂಥ ಪಾಠ ಎಂದು ನನಗೇ ಮೆಚ್ಚುಗೆಯಾಯಿತು. ದೊಡ್ಡಬಸಮ್ಮ ಕೂಡ ಹುಬ್ಬು ಇಳಿಸಿದಳು. ಜಡೆಪ್ಪ ಕತ್ತು ಚಾಚಿ ಗಡಿಗೆಯೊಳಗೆ ಇಣುಕಿದ. ಚಮಚ ಹೋದಲ್ಲಿ ಕುಳಿ ಬಿದ್ದಿತ್ತು.

"ಕಮ್ಮಿ ಆತಲ್ಲ," ಎಂದ.

ಇಲ್ಲ ಎನ್ನುವಂತಿರಲಿಲ್ಲ, ಕುಳಿ ಕಣ್ಣಿಗೆ ಕಾಣುತ್ತಿತ್ತು. ಎರಡು ಮಕ್ಕಳ ತಾಯಿಯ ತೊಡೆಯಲ್ಲಿ ಮೊದಲನೆಯವನಿಗೆ ಜಾಗ ಕಡಿಮೆಯಾಗುವುದು ನಿಜವೇ. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಬಳ್ಳಾರಿಯಲ್ಲಿ ಕಲಿಸಿದ್ದರು, ಇಂಥ ಹೊತ್ತಿನಲ್ಲಿ ಏನು ಹೇಳಬೇಕು ಎಂದು ಕಲಿಸಿರಲಿಲ್ಲ.

"ಸ್ವಲ್ಪ ಕಮ್ಮಿ ಆತು," ಎಂದೆ.

ಅವನು ಮತ್ತೆ ಚೀಲವನ್ನು ಭದ್ರವಾಗಿ ಅಪ್ಪಿಕೊಂಡ. ಆದರೆ ಬೆಳಗಿನಿಂದ ಕುಳಿತವನಿಗೆ ಉಚ್ಚೆ ಬಂದಿತ್ತು. ಎಷ್ಟೋ ಹೊತ್ತು ತಡೆದ, ಕಾಲು ಹೊಸೆದ, ಕೊನೆಗೆ ಹಿತ್ತಲಿಗೆ ಓಡಿದ. ದೊಡ್ಡಬಸಮ್ಮ ಹದ್ದಿನಂತೆ ಎರಗಿ ಚೀಲ ಎತ್ತಿಕೊಂಡು ಅಡುಗೆಮನೆ ಸೇರಿ ಅಗುಳಿ ಹಾಕಿಕೊಂಡಳು. ಅವನು ಬರುವಷ್ಟರಲ್ಲಿ ಒಳಗೆ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು.

ಹುಡುಗ ರಂಪ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತು ನನಗೆ ಮೆಲ್ಲಗೆ ಹೇಳಿದ: "ಆಕಿ ಬಂದ್ರ ನಾ ಮಾತಾಡ್ಸಂಗಿಲ್ಲ. ಆಕಿ ಬ್ಯಾರೆ."

ಅಳ್ಳು ಹಾಳಾಗಿ ಹೋಗಲಿ. ಇಷ್ಟು ತಿಂಗಳು ಮಗನ ಮುಖ ಕಾಣದೆ ಬರುವ ತಾಯಿಗೆ ಅವನು ಬೆನ್ನು ತಿರುಗಿಸಿದರೆ ಅವಳ ಗತಿ ಏನು, ಅವನ ಗತಿ ಏನು? ಆ ದಿನದಿಂದ ನನಗೆ ಅನ್ನ ರುಚಿಸಲಿಲ್ಲ. ಮಕ್ಕಳ ಮನೆಯಲ್ಲಿ ಬುಟ್ಟಿಗಳನ್ನು ಅಟ್ಟಕ್ಕೆ ಎಸೆದೆ.

ಪಂಚಮಿ ಕಳೆಯಿತು. ಅಳ್ಳನ್ನು ಎಲ್ಲರೂ ತಿಂದರು, ಜಡೆಪ್ಪನೊಬ್ಬ ಮುಟ್ಟಲಿಲ್ಲ. ಹುಲುಗಮ್ಮ ಬರುವ ದಿನ ದೊಡ್ಡಬಸಮ್ಮ ನನಗೆ ಹೇಳಿಕಳಿಸಿದಳು. ಬಂದು ಸಹಾಯ ಮಾಡಿ ಎಂದಲ್ಲ, ನೀವು ಕೆಡಿಸಿದ್ದನ್ನು ನೀವೇ ಬಂದು ನೋಡಿ ಎಂದು. ನಾನು ಹೋದೆ, ಮೂಕಮ್ಮನನ್ನೂ ಕರೆದುಕೊಂಡು ಹೋದೆ. ಏನು ಮಾಡಬೇಕೆಂದು ತೋಚದಿದ್ದಾಗ ಹೆಂಗಸರು ಮಾಡುವುದನ್ನೇ ನಾವು ಮೂವರೂ ಮಾಡಿದೆವು. ಹುಡುಗನನ್ನು ಹಿಡಿದು ತಿಕ್ಕಿ ತೊಳೆದೆವು. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು ಬಾಚಿದೆವು, ಪೌಡರು ಹಾಕಿದೆವು, ಹೊಸ ಅಂಗಿ ತೊಡಿಸಿ ಗಂಟಲವರೆಗೆ ಗುಂಡಿ ಹಾಕಿದೆವು. ಬೆಳ್ಳಗೆ, ನೆಟ್ಟಗೆ, ಸಿಟ್ಟಿನಿಂದ ನನ್ನ ಸೀರೆಯ ಹಿಂದೆ ನಿಂತ.

ಮಧ್ಯಾಹ್ನ ಮಳೆ ಬಂದು ನಿಂತ ಮೇಲೆ ರಾರಾವಿಯ ಬಂಡಿ ಓಣಿಗೆ ಬಂತು. ಎರ್ರೆಪ್ಪ ಎತ್ತು ಹಿಡಿದ. ದೊಡ್ಡಬಸಮ್ಮ ಕೂಸಿಗೆ ನಿವಾಳಿಸಿ ಎತ್ತಿಕೊಂಡಳು. ಹುಲುಗಮ್ಮ ಇಳಿದವಳೇ ಸುತ್ತ ನೋಡತೊಡಗಿದಳು. ಅವಳು ಬಿಟ್ಟು ಹೋದದ್ದು ಕೆದರಿದ ತಲೆಯ, ಮಣ್ಣು ಮೆತ್ತಿದ ಮೂತಿಯ, ಸೊಂಟದಿಂದ ಕೆಳಗಿಳಿಯದ ಒಬ್ಬ ಹುಡುಗನನ್ನು. ನನ್ನ ಹಿಂದೆ ನಿಂತಿದ್ದ ಈ ಎತ್ತರದ, ಬಾಚಿದ ತಲೆಯ ಹುಡುಗನ ಮೇಲಿಂದ ಅವಳ ಕಣ್ಣು ಒಮ್ಮೆ ಹಾಗೇ ದಾಟಿ ಹೋಯಿತು. ಆಮೇಲೆ ತಿರುಗಿ ಬಂತು.

"ಇದ್ಯಾರ ಹುಡುಗ ಅತ್ತಿ?" ಎಂದಳು. ತಮಾಷೆಗೇ ಅಂದದ್ದು. ಆದರೆ ಅರ್ಧ ಮಾತಿಗೆ ದನಿ ಒಡೆಯಿತು. "ನನ್ ಜಡೆಪ್ಪನ ಏನಿದು? ಎಷ್ಟ್ ಬ್ಯಾರೆ ಆಗ್ಯಾನ." ಅಲ್ಲೇ ಬಂಡಿಯ ಗಾಲಿಗೆ ಒರಗಿ ಅಳತೊಡಗಿದಳು.

ಜಡೆಪ್ಪ ನನ್ನ ಸೀರೆ ಬಿಟ್ಟ. ಅವಳು ಬೇರೆಯಾಗಿರುತ್ತಾಳೆ ಎಂದು ಅವನು ಕಾದಿದ್ದ, ಬೇರೆಯಾದವನು ತಾನೇ ಆಗಬಹುದು ಎಂದು ಎಣಿಸಿರಲಿಲ್ಲ. ತನ್ನ ಅಂಗಿಯನ್ನು ನೋಡಿಕೊಂಡ. ನಾನು ಇನ್ನೊಂದು ಪಾಠ ಹುಡುಕತೊಡಗಿದೆ, ದೇವರ ದಯೆ, ಅವನು ಅದಕ್ಕೆ ಕಾಯಲಿಲ್ಲ.

ಅವನು ಎರಡೂ ಕೈಯಿಂದ ತಲೆಯನ್ನು ಕೆದರಿಕೊಂಡ. ಅಂಗಿಯ ಗುಂಡಿ ಕಿತ್ತು ಎಳೆದ. ಬಂಡಿಯ ಹತ್ತಿರ ಹೋಗಿ ಬಗ್ಗಿ, ಗಾಲಿಯ ಜಾಡಿನ ಕೆಸರನ್ನು ಬೊಗಸೆಯಲ್ಲಿ ಎತ್ತಿ ಕೆನ್ನೆ, ಮೂಗು, ಗಲ್ಲ ಎಲ್ಲಕ್ಕೂ ಬಳಿದುಕೊಂಡ. ಅಯ್ಯೋ ಎನ್ನಲು ಹೊರಟ ದೊಡ್ಡಬಸಮ್ಮನ ಕೈಯನ್ನು ಮೂಕಮ್ಮ ಹಿಡಿದಳು, ಅದೂ ಒಂದೂ ಮಾತಾಡದೆ.

"ಈಗ ನೋಡು," ಎಂದ ಜಡೆಪ್ಪ ತಾಯಿಗೆ. "ನಾನ ಅದೀನಿ."

ಹುಲುಗಮ್ಮ ನಕ್ಕಳು, ನಗುತ್ತಲೇ ಇನ್ನೂ ಜೋರಾಗಿ ಅತ್ತಳು, ಕೆಸರಿನಲ್ಲೇ ಕುಕ್ಕರಿಸಿ ಅವನನ್ನು ಎಳೆದುಕೊಂಡಳು. ಅವನು ಕೆಸರು ಕೈಯಿಂದಲೇ ಅವಳ ಕಣ್ಣು ಒರೆಸಿದ. ಒರೆಸುತ್ತಾ ಅವಳ ಮುಖವನ್ನು ಬಹಳ ಹತ್ತಿರದಿಂದ, ಬಹಳ ಹೊತ್ತು ನೋಡಿದ.

"ನೀನೂ ನೀನ ಅದಿ ಬಿಡು," ಎಂದ.