ಕುಳಿತವರ ಜಾಗ

ಎಡಗಾಲಿನ ಕಿರುಬೆರಳಿನ ಉಗುರೊಂದು ಉಳಿದಿತ್ತು. ಶೈಲಶ್ರೀ ಅಪ್ಪನ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅದನ್ನೂ ಕತ್ತರಿಸಿದಳು. ಚೂರುಗಳನ್ನು ನೆಲದಿಂದ ಒಂದೊಂದಾಗಿ ಆರಿಸಿ ಕಾಗದದಲ್ಲಿ ಮಡಿಚಿಟ್ಟಳು. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಹೊರಗೆ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಅಲ್ಲಿಯವರೆಗೆ ಕೈಗೆ ಒಂದು ಕೆಲಸ ಬೇಕಾಗಿತ್ತು.

ಪಾದಗಳು ಚೊಕ್ಕಟವಾಗಿದ್ದವು. ಕೈಯ ಉಗುರಿಗೆ ಬಂದಾಗ ಅವಳು ಸ್ವಲ್ಪ ತಡೆದಳು. ಗೇಟು ಎತ್ತಿ ಇಳಿಸಿ ಜಡ್ಡುಗಟ್ಟಿದ ಅಂಗೈ. ಆದರೆ ಬಲಗೈ ಹೆಬ್ಬೆರಳಿನ ತುದಿ ಮಾತ್ರ ಗಾಜಿನ ಹಾಗೆ ನುಣುಪು. ಇದು ಯಾವಾಗಿನಿಂದ ಹೀಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

ನೀರು ಹಾಕಿ, ವಿಭೂತಿ ಹಚ್ಚಿ, ಅಮರಯ್ಯನನ್ನು ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಹಾಕಿಸಿ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಇವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಳಿತಂತೆಯೇ ಒಯ್ದು, ಕುಳಿತಂತೆಯೇ ಮಣ್ಣು ಮಾಡುತ್ತಾರೆ. ಹೈದರಾಬಾದಿನ ಸನತ್‌ನಗರದ ಈ ಗಲ್ಲಿಯಲ್ಲಿ ಯಾವ ಕನ್ನಡದ ಲಿಂಗಾಯತರ ಮನೆಯಲ್ಲಿ ಸಾವಾದರೂ, ಕೂರಿಸಿದ ಹೆಣದ ತಲೆಯ ಮೇಲೆ ಜಂಗಮನ ಪಾದ ಇಡಲು ಇಪ್ಪತ್ತು ವರ್ಷ ಹೋಗಿದ್ದವನು ಅಮರಯ್ಯನೇ. ಇವತ್ತು ಜಹೀರಾಬಾದಿನಿಂದ ಬೇರೆ ಅಯ್ಯನವರನ್ನು ಕರೆಸಿದ್ದರು. ಅವರ ಬಸ್ಸು ಇನ್ನೂ ದಾರಿಯಲ್ಲಿತ್ತು.

“ಎಷ್ಟ ಮಂದೀನ ಕುಂದ್ರಸಿದ ಮನಷ್ಯಾ ನೋಡ್ರಿ,” ಎಂದ ಪಕ್ಕದ ಮನೆಯ ಲಿಂಗಣ್ಣ, ಕತ್ತು ವಾಲದಂತೆ ಹಣೆಗೆ ಬಟ್ಟೆ ಕಟ್ಟುತ್ತ. “ತನ್ನ ಪಾಳಿ ಬಂದಾಗ ಒಂದ್ ಮಾತೂ ಹೇಳ್ಲಿಲ್ಲ.”

ಅಮರಯ್ಯನ ಹೆಂಡತಿ ಗುರುಬಾಯಿ ಮುಂಜಾನೆಯಿಂದ ಅತ್ತಿರಲಿಲ್ಲ. ಈಗ ತಲೆ ಎತ್ತಿ, “ಭಾಳೊತ್ತು ಹಂಗ ಕುಂದ್ರಸಬ್ಯಾಡ್ರಿ. ಅವರಿಗೆ ಕಾಲು ಜೋಮು ಹಿಡೀತಾವು,” ಎಂದಳು. ಕುಳಿತಿದ್ದ ಹೆಂಗಸರೆಲ್ಲ ಒಮ್ಮೆಲೇ ಅಳಲು ಶುರುಮಾಡಿದರು.

ಮಗ ರಾಹುಲ ಬಾಗಿಲಲ್ಲಿ ನಿಂತಿದ್ದ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸಾಮಾನು ತುಂಬುವ ಕೆಲಸ. ಅಲ್ಲೇ ಮೂರು ಮಂದಿಯ ಜೊತೆ ಒಂದು ಕೋಣೆ, ವಾರಕ್ಕೊಮ್ಮೆ ಮನೆ. ಸುದ್ದಿ ಕೇಳಿ ಕೆಲಸದ ಹಸಿರು ಜಾಕೆಟ್ಟಿನಲ್ಲೇ ಓಡಿ ಬಂದಿದ್ದ. ಅಪ್ಪನ ಹತ್ತಿರ ಅವನಿನ್ನೂ ಹೋಗಿರಲಿಲ್ಲ.

ಆಗ ಗಲ್ಲಿಯೊಳಗೆ ಒಬ್ಬ ಹುಡುಗ, ಒಬ್ಬ ಹುಡುಗಿ ಬಂದರು. ಇಬ್ಬರಿಗೂ ಇಪ್ಪತ್ತರ ಮೇಲೆ ವಯಸ್ಸು. ಇಬ್ಬರೂ ಸೇರಿ ಒಂದೇ ಮಾಲೆ ಹಿಡಿದಿದ್ದರು, ಅದು ಮನೆಯ ಬಾಗಿಲಿಗಿಂತ ದೊಡ್ಡದಿತ್ತು.

“ಅಮರಯ್ಯ ಕಾಕಾರ ಮನಿ ಇದೇ ಏನ್ರಿ? ನಾನು ಕೌಸ್ತುಭ. ಕಾಕಾ ಡ್ಯೂಟಿ ಮಾಡ್ತಿದ್ದ ಅಪಾರ್ಟ್‌ಮೆಂಟಿನಾಗ ಇರ್ತೀನಿ. ಈಕಿ ಮಾನ್ಯಾ. ನಾವು ಕಾಕಾರ ಜೋಡಿ ಆಡ್ತಿದ್ದೆವು.”

“ಏನ್ ಆಡ್ತಿದ್ರಿ? ಇಸ್ಪೀಟಾ?” ಎಂದ ಲಿಂಗಣ್ಣ. “ಅಯ್ಯಾರು ಚೌಕಾಬಾರ ಆಡಿದ್ದೂ ನಾ ಕಂಡಿಲ್ಲ.”

“ಫೋನಿನಾಗಿನ ಆಟರಿ. ಬೂದಿಕೋಟಿ ಅಂತ. ನಾವು ಆಡವ್ರದೊಂದು ಗ್ರೂಪ್ ಅದ. ಅದ್ರಾಗ ಕಾಕಾರ ಹೆಸರು ಮುದಿಗೂಬಿ.”

“ಏ, ಹೆಣದ ಮುಂದ ಗೂಬಿ ಹೆಸರು ತಗೀಬ್ಯಾಡೋ!” ಎಂದು ಒಳಗಿನಿಂದ ಒಬ್ಬ ಮುದುಕಿ ಗದರಿದಳು.

ರಾಹುಲ ಬಾಗಿಲ ಚೌಕಟ್ಟಿನಿಂದ ಬೆನ್ನು ತೆಗೆದ. “ಯಾರು?” ಎಂದ.

“ಮುದಿಗೂಬಿ,” ಎಂದ ಕೌಸ್ತುಭ. “ಯಾಕ, ನೀನೂ ಆಡ್ತಿಯೇನು?”

“ಸ್ವಲ್ಪ,” ಎಂದ ರಾಹುಲ.

*

ಮೂರು ವರ್ಷದ ಹಿಂದೆ ಗಚ್ಚಿಬೌಲಿಯ ಆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೌಸ್ತುಭ ತನ್ನ ಹಳೆಯ ಫೋನನ್ನು ಕಾವಲುಗಾರ ಅಮರಯ್ಯನಿಗೆ ಕೊಟ್ಟಿದ್ದ. ಅದರಲ್ಲಿದ್ದ ಆಟವನ್ನು ತೆಗೆಯಲು ಮರೆತಿದ್ದ. ವಾರದ ನಂತರ ಅಮರಯ್ಯ ಅವನ ಕಾರನ್ನು ತಡೆದು, “ಸಾಹೇಬ್ರ, ಈ ಕೋಟ್ಯಾಗಿನ ಹೆಣ್ಮಗಳು ಗೋಡಿ ಮ್ಯಾಲ ಏನೋ ಬರದಾಳ, ಇಂಗ್ಲೀಷಿನಾಗ ಐತಿ. ಏನಂತದು?” ಎಂದು ಕೇಳಿದ.

ಆಟದಲ್ಲಿ ಒಂದು ಸುಟ್ಟ ಕೋಟೆ ಇತ್ತು. ಅಲ್ಲಿ ತಿದ್ದುಗಾತಿ ಎಂಬವಳಿದ್ದಳು. ಅವಳು ಗೋಡೆಯ ಮೇಲೆ ಬರೆದದ್ದು ನಿಜವಾಗುತ್ತಿತ್ತು. ಹೊಳೆ ಇಲ್ಲ ಎಂದು ಬರೆದರೆ ಹೊಳೆ ಇರುತ್ತಿರಲಿಲ್ಲ, ಇತ್ತು ಎಂಬ ನೆನಪೂ ಯಾರಿಗೂ ಉಳಿಯುತ್ತಿರಲಿಲ್ಲ. ಇಂಥ ಶಕ್ತಿಗೆ ಎಲ್ಲಿಯಾದರೂ ಕೊನೆ ಇದೆಯೇ, ಅವಳು ಸಾವನ್ನೂ ತಿದ್ದಬಲ್ಲಳೇ ಎಂದು ಹೈದರಾಬಾದು, ಬೀದರು, ಕಲಬುರಗಿಯ ನೂರಾರು ಮಂದಿ ಗ್ರೂಪಿನಲ್ಲಿ ದಿನವೂ ಜಗಳಾಡುತ್ತಿದ್ದರು. ಆಟದೊಳಗೆ ಕಂಡದ್ದಷ್ಟೇ ಕ್ಯಾನನ್, ಅಂದರೆ ಖರೆ. ಉಳಿದದ್ದೆಲ್ಲ ಕಟ್ಟುಕತೆ. ಇದು ಅವರ ನಿಯಮ.

ಕೌಸ್ತುಭ ಗ್ರೂಪಿಗೆ ಸೇರಿಸಿದ ಮುದಿಗೂಬಿ ಒಂದು ದಿನ ಕನ್ನಡದಲ್ಲಿ ಉದ್ದಕ್ಕೆ ಬರೆದ. ಮಲಗಿದ ಸತ್ತವರನ್ನು ತಿದ್ದುಗಾತಿ ಎಬ್ಬಿಸಲಾರಳು. ಆದರೆ ಕುಳಿತ ಸತ್ತವರಿದ್ದಾರೆ. ಅವರಿಗಾಗಿ ನೆಲದೊಳಗೆ ಒಂದು ಜಾಗ ಇರುತ್ತದೆ. ಮಣ್ಣು ಬೀಳುವ ಮೊದಲು ಆ ಜಾಗದಲ್ಲಿ ಬೇರೊಬ್ಬರು ಹೋಗಿ ಕುಳಿತರೆ, ಮೊದಲಿನವರು ಏಳುತ್ತಾರೆ. ಇದನ್ನು ಎಲ್ಲಿ ಕಂಡೆ ಎಂದು ಆಗ ಯಾರೂ ಕೇಳಲಿಲ್ಲ. ಬರೆದ ರೀತಿಯೇ ಕಂಡು ಬಂದವನ ಹಾಗಿತ್ತು. ಗೇಟಿನ ಬಳಿಯ ಕಬ್ಬಿಣದ ಕುರ್ಚಿಯ ಮುದುಕನನ್ನು ನೂರಾರು ಮಂದಿ ಗುರುಗಳೇ ಎಂದು ಕರೆದರು. ಮನೆಯಲ್ಲಿ ನಗುತ್ತಾರೆಂದು ಅವನು ಫೋನನ್ನು ಡ್ಯೂಟಿ ಚೀಲದಿಂದ ಹೊರಗೆ ತೆಗೆಯುತ್ತಿರಲಿಲ್ಲ.

ಈ ವಾರದ ಮೊದಲಲ್ಲಿ, ರನ್‌ವೇ ಎಂಬ ಹೆಸರಿನವನೊಬ್ಬ ಅವನನ್ನು ಹಿಡಿದ. “ಆಟದಾಗ ಇಲ್ಲದ್ದು ಹೇಳಿ ಮೂರು ವರ್ಷ ಮಂದೀನ ಮಂಗ್ಯಾ ಮಾಡೀರಿ. ಪುರಾವೆ ತೋರಸ್ರಿ, ಇಲ್ಲಾ ಹೊರಗ ನಡೀರಿ.”

“ಕಂಡೀನಪ್ಪ, ಆದ್ರ ಆಟದಾಗ ಅಲ್ಲ,” ಎಂದು ಮುದಿಗೂಬಿ ಬರೆದ. ಎಲ್ಲರೂ ನಕ್ಕರು. ಮತ ಹಾಕಿ ಹೊರಗೆ ಹಾಕಿದರು.

ಮಾರನೆಯ ದಿನ ಅಮರಯ್ಯ ಶೈಲಶ್ರೀಯ ಹತ್ತಿರ ಬಂದು, “ಹೊರಗ ಹಾಕಿದ ಮ್ಯಾಲ ಒಳಗ ಏನ್ ಮಾತಾಡ್ತಾರ ಅಂತ ನಮಗ ಕಾಣಂಗಿಲ್ಲೇನವ್ವಾ?” ಎಂದು ಕೇಳಿದ. ಯಾವುದರ ಮಾತು ಎಂದು ಅವಳು ಕೇಳಲಿಲ್ಲ. “ಕಾಣಂಗಿಲ್ಲಪ್ಪಾ,” ಎಂದಳು.

ಅದಾಗಿ ಮೂರನೆಯ ದಿನದ ಮುಂಜಾನೆ, ಅಂದರೆ ಇವತ್ತು, ಶಾಲೆಯ ಬಸ್ಸಿಗೆ ಗೇಟು ಎತ್ತಿದವನು ಅಲ್ಲೇ ಕುಸಿದು ಕುಳಿತ.

*

ಅಯ್ಯನವರಿಗಾಗಿ ಕಾಯುತ್ತ ಗಂಡಸರು ಗಲ್ಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದರು. ಪಕ್ಕದ ಮನೆಯಿಂದ ಬಂದ ಚಹಾವನ್ನು ಶೈಲಶ್ರೀ ಹಂಚುತ್ತಿದ್ದಳು. ಏಳನೆಯದಕ್ಕೆ ಶಾಲೆ ಬಿಟ್ಟು ಮಾತ್ರೆಯ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದ್ದವಳು. ಅಪರಿಚಿತರ ಮುಂದೆ ಅವಳಿಗೆ ಬಾಯಿ ಬರುತ್ತಿರಲಿಲ್ಲ, ಆದರೆ ಕಿವಿ ಚುರುಕಾಗಿತ್ತು.

“ಆ ರನ್‌ವೇ ಅನ್ನೋ ಮಗ ಸಿಗಬೇಕು,” ಎನ್ನುತ್ತಿದ್ದ ಕೌಸ್ತುಭ. “ಕಾಕಾ ಊಟ ಬಿಟ್ಟಿದ್ರು ಗೊತ್ತದೇನು? ಡಬ್ಬಿ ಹಂಗೇ ಒಯ್ತಿದ್ರು.”

“ಈಗ ಬೈದು ಏನ್ ಮಾಡ್ತಿ? ನೀನೂ ಮತ ಹಾಕಿದಿ,” ಎಂದಳು ಮಾನ್ಯಾ.

“ಎಲ್ಲಾರೂ ಹಾಕಿದ್ರಲ್ಲ!”

“ಇದನ್ನ ನೋಡು ಮೊದಲ.” ಮಾನ್ಯಾ ಫೋನು ಮುಂದೆ ಹಿಡಿದಳು. ಅವಳ ದನಿ ಇಳಿದಿತ್ತು. “ಇವತ್ತ ಮುಂಜಾನಿ ಆಟದ ಹೊಸ ಭಾಗ ಬಂದದ. ಕೋಟಿ ಕೆಳಗ ಒಂದು ಕೋಣಿ. ಗೋಡಿಗೆ ಆತು ಏಳು ಮಂದಿ ಕುಂತಾರ, ಕಣ್ಣ ಮುಚ್ಚಿ, ಎಡಗೈ ಮ್ಯಾಲಕ್ಕ ಮಾಡಿ. ಎಂಟನೇ ಜಾಗ ಖಾಲಿ.”

ರಾಹುಲನೂ ಬಗ್ಗಿ ನೋಡಿದ. ಮನೆಯೊಳಗೆ ಅಪ್ಪ ಕುಳಿತ ಹಾಗೆಯೇ ಅವರೆಲ್ಲ ಕುಳಿತಿದ್ದರು.

“ಅಂದ್ರ ಕಾಕಾ ಹೇಳಿದ್ದು ಕ್ಯಾನನ್,” ಎಂದ ಕೌಸ್ತುಭ ಮೆಲ್ಲಗೆ. “ನಮ್ಮ ಗ್ರೂಪ್ ಓದಿ ಮಾಡ್ಯಾರೇನು?”

“ಆಟ ಮಾಡಿದವ್ರು ಎಲ್ಲೋ ಬ್ಯಾರೆ ದೇಶದಾಗ ಅದಾರ. ಅವ್ರಿಗೆ ಕನ್ನಡ ಎಲ್ಲಿ ಬರ್ತದ?”

“ಎಂಟನೇವ ಎದ್ದು ಹೋಗ್ಯಾನ, ಅದಕ್ಕ ಖಾಲಿ,” ಎಂದ ಕೌಸ್ತುಭ.

“ಎದ್ದು ಹೋಗಿದ್ರ ಅಲ್ಲಿ ಬ್ಯಾರೆಯವ ಕುಂತಿರಬೇಕಲ್ಲ? ಯಾರಿಗೋ ಇನ್ನೂ ಜಾಗ ಇಟ್ಟಾರ. ಬರಾವ ಅದಾನ,” ಎಂದಳು ಮಾನ್ಯಾ.

ಲಿಂಗಣ್ಣ ಚಹಾ ಹೀರುತ್ತ, “ಏನಪಾ, ಸತ್ತವ್ರನ್ನ ಎಬ್ಬಿಸೂ ಆಟೇನು? ಹಂಗಿದ್ರ ನಮ್ಮ ಮಾವನ್ನ ಬಿಟ್ಟು ಉಳಿದವ್ರನ್ನೆಲ್ಲಾ ಎಬ್ಬಿಸ್ರಿ,” ಎಂದ. ಒಂದಿಬ್ಬರು ನಕ್ಕರು.

ರಾಹುಲ ನಗಲಿಲ್ಲ. “ಯಾರು ಕುಂತ್ರೂ ನಡೀತೇತೇನು? ಮಗ ಕುಂತ್ರ?” ಎಂದು ಕೇಳಿದ.

“ಮುದಿಗೂಬಿ ಬರದಿದ್ದಿಷ್ಟೇ,” ಎಂದಳು ಮಾನ್ಯಾ. “ಜಾಗ ತುಂಬಿದ್ರ ಸಾಕು.”

ಶೈಲಶ್ರೀ ಚಹಾದ ತಟ್ಟೆಯನ್ನು ಕೆಳಗಿಟ್ಟು ತಮ್ಮನ ಕಡೆ ನೋಡಿದಳು.

*

ಆ ಮಾತನ್ನು ಅವಳು ಮೊದಲೂ ಒಮ್ಮೆ ಕೇಳಿದ್ದಳು. ಐದು ವರ್ಷದ ಹಿಂದೆ ಇದೇ ಗಲ್ಲಿಯ ಸಾಬಮ್ಮನ ಗಂಡ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಕುಣಿಯ ಒಂದು ಮಗ್ಗುಲಲ್ಲಿ, ಹೆಣ ಕೂರಿಸಲು ಕೊರೆದ ಗೂಡಿನ ಮುಂದೆ ಅಮರಯ್ಯ ನಿಂತಿದ್ದಾಗ ಸಾಬಮ್ಮ ಅವನ ಕಾಲು ಹಿಡಿದಿದ್ದಳಂತೆ. ಮನೆಗೆ ಬಂದು ಅವನು ಬಚ್ಚಲಲ್ಲಿ ಪಾದ ತಿಕ್ಕುತ್ತ ಕುಳಿತ. ಶೈಲಶ್ರೀ ನೀರು ಹಾಕುತ್ತಿದ್ದಳು. ಎರಡು ಕೊಡ ಮುಗಿದರೂ ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ನಾ ಕುಂದ್ರತೀನಿ ಅಲ್ಲಿ, ಅವನ್ನ ಎಬ್ಬಿಸ್ರಿ ಅಯ್ಯಾ ಅಂದ್ಲು,” ಎಂದ ಕೊನೆಗೆ. “ಜಾಗ ತುಂಬಿದ್ರ ಸಾಕಲ್ಲ ಅಂದ್ಲು. ನಾ ಕಾಲು ಬಿಡಿಸಿಕೊಂಡೆನವ್ವಾ. ಪಾದ ಇಟ್ಟು ಬಂದೆ.”

ಆಮೇಲೆ ಅದರ ಸುದ್ದಿ ಅವನೆಂದೂ ತೆಗೆಯಲಿಲ್ಲ.

*

ಅವಳು ರಾಹುಲನನ್ನು ಹಿತ್ತಲಿಗೆ ಕರೆದಳು. ಹಂಡೆಯ ಕೆಳಗೆ ಕೆಂಡ ಇನ್ನೂ ಇತ್ತು.

“ತಮ್ಮಾ, ಆ ಮಾತು…” ಎಂದು ಶುರುಮಾಡಿದಳು.

“ಅಕ್ಕಾ, ಆ ರನ್‌ವೇ ನಾನ,” ಎಂದ ರಾಹುಲ.

ಅವಳು ಹಿತ್ತಲ ಬಾಗಿಲನ್ನು ಎಳೆದುಕೊಂಡಳು.

“ನಾನ ಹೊರಗ ಹಾಕ್ಸೀನಿ. ಅಪ್ಪ ಅಂತ ಗೊತ್ತಿರ್ಲಿಲ್ಲ. ಪುರಾವೆ ತೋರಸು ಅಂದೆ. ಮಂದಿ ನಕ್ಕಾಗ ನನಗ ಖುಷಿ ಆತು, ಅಕ್ಕಾ. ಈಗ ನೋಡು, ಅಪ್ಪ ಹೇಳಿದ್ದು ಖರೆ ಐತಿ. ಆಟದಾಗ ಬಂದೈತಿ.”

ಅವನ ಕಣ್ಣು ಒಣಗಿದ್ದವು. ಅವಳಿಗೆ ಅವನು ಅಳುತ್ತಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಸಾಬಮ್ಮನ ಹೆಸರು ನಾಲಿಗೆಯ ತನಕ ಬಂದಿತ್ತು. ಅಪ್ಪ ಕಟ್ಟಿದ ಕತೆ ಎಂದರೆ, ಸತ್ತ ದಿನವೂ ಅಪ್ಪನನ್ನು ಸುಳ್ಳುಗಾರ ಮಾಡಿದಂತಾಗುತ್ತದೆಯೇ? ಇವನು ಮತ ಹಾಕಿಸಿದ್ದು ಸರಿ ಎಂದಂತಾಗುತ್ತದೆಯೇ? ಯಾವ ಮಾತು ಮೊದಲು ಹೇಳಬೇಕೆಂದು ಅವಳು ಹುಡುಕುತ್ತಿರುವಾಗಲೇ ಮುಂದಿನ ಬಾಗಿಲಲ್ಲಿ ಶಂಖ ಊದಿದರು. ಅಯ್ಯನವರು ಬಂದಿದ್ದರು.

“ಮಗ ಎಲ್ಲಿ? ಬಾರಪ್ಪಾ, ಹೊತ್ತಾತು,” ಎಂದು ಯಾರೋ ಕೂಗಿದರು. ರಾಹುಲ ಹೋದ.

*

ಕಾರ್ಖಾನೆಗಳ ಹಿಂದಿನ ಗೋಡೆಗೆ ಹತ್ತಿದ ಸ್ಮಶಾನ. ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು, ಕುಣಿಯೊಳಗೆ ಮಾತ್ರ ಬೆಳಕು ಕಡಿಮೆ. ಇಳಿಯಲು ಮೂರು ಮೆಟ್ಟಿಲು ಕಡಿದಿದ್ದರು. ತಳದ ಮಗ್ಗುಲಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಗೂಡು. ಅಮರಯ್ಯನನ್ನು ಕಟ್ಟಿಗೆಯ ಕುರ್ಚಿಯ ಸಮೇತ ಅಂಚಿನಲ್ಲಿ ಇಳಿಸಿದರು. ಕೌಸ್ತುಭ, ಮಾನ್ಯಾ ಹಿಂದೆ ನಿಂತಿದ್ದರು. ಗುರುಬಾಯಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು.

“ಮಗ ಇಳೀಲಿ. ಗೂಡಿಗೆ ವಿಭೂತಿ ಹಚ್ಚಿ, ಪತ್ರಿ ಹಾಸಿ ಮ್ಯಾಲ ಬರ್ಲಿ,” ಎಂದರು ಅಯ್ಯನವರು.

ಶೈಲಶ್ರೀ ಎರಡು ಹೆಜ್ಜೆ ಮುಂದೆ ಬಂದಳು. ಗಂಡಸರ ಬೆನ್ನುಗಳು ಅಡ್ಡ ಇದ್ದವು. ರಾಹುಲ ಜಾಕೆಟ್ಟು ಬಿಚ್ಚಿಟ್ಟು ಇಳಿದ. ವಿಭೂತಿ ಹಚ್ಚಿದ, ಪತ್ರಿ ಹಾಸಿದ. ಆಮೇಲೆ ತಿರುಗಿ, ಬಗ್ಗಿ, ಹಿಂದಕ್ಕೆ ಸರಿದು ಗೂಡಿನೊಳಗೆ ಕುಳಿತ. ಕಾಲು ಮಡಿಚಿದ. ಎಡ ಅಂಗೈಯನ್ನು ಮೇಲಕ್ಕೆ ಮಾಡಿ ಕಣ್ಣು ಮುಚ್ಚಿದ.

“ಸಾಕಪಾ, ಬಾ,” ಎಂದ ಲಿಂಗಣ್ಣ. ಮತ್ತೊಮ್ಮೆ ಕರೆದ. ಮೂರನೆಯ ಸಲ ಅವನ ದನಿಯಲ್ಲಿ ನಗುವಿರಲಿಲ್ಲ. “ಏ ರಾಹುಲಾ! ಮಂಗ್ಯಾನಂಗ ಮಾಡಬ್ಯಾಡ, ಅಯ್ಯಾರು ಕಾಯಾಕತ್ತಾರ!”

“ಕೌಸ್ತುಭಾ,” ಎಂದಳು ಮಾನ್ಯಾ ಪಿಸುದನಿಯಲ್ಲಿ. “ಅವ ಎಂಟನೇ ಜಾಗಾ…”

ಶೈಲಶ್ರೀ ಬೆನ್ನುಗಳನ್ನು ನೂಕಿಕೊಂಡು ಅಂಚಿಗೆ ಬಂದಳು. ಇಷ್ಟು ಮಂದಿಯ ಮುಂದೆ ತನ್ನ ದನಿಯನ್ನು ಅವಳು ಮೊದಲ ಸಲ ಕೇಳಿದಳು.

“ತಮ್ಮಾ, ಅದು ಸಾಬಮ್ಮ ಅಳಕೋತ ಅಂದ ಮಾತು! ಅಪ್ಪ ಅದನ್ನ ಕತಿ ಮಾಡ್ಯಾನ. ಯಾರೂ ಏಳಂಗಿಲ್ಲೋ!”

ರಾಹುಲನ ಮುಖದಲ್ಲಿ ಏನೂ ಅಲುಗಲಿಲ್ಲ. ಅಪ್ಪನ ಮುಖವೇ ಅದು, ಅದೇ ಗದ್ದ, ಅದೇ ಮುಚ್ಚಿದ ರೆಪ್ಪೆ. ಎದೆ ಏಳುತ್ತಿದೆಯೋ ಇಲ್ಲವೋ ಆ ನೆರಳಿನಲ್ಲಿ ತಿಳಿಯುತ್ತಿರಲಿಲ್ಲ.

ಆಗ ಗುರುಬಾಯಿ ಹಿಡಿದವರ ಕೈ ಬಿಡಿಸಿಕೊಂಡು, ಕುಣಿಯ ಕಡೆ ಅಲ್ಲ, ಕುರ್ಚಿಯ ಕಡೆ ತಿರುಗಿದಳು. ಅವಳನ್ನು ನೋಡಿ ಮಾನ್ಯಾ ತಿರುಗಿದಳು, ಕೌಸ್ತುಭ ತಿರುಗಿದ. ಸಲಿಕೆ ಹಿಡಿದವರು ತಿರುಗಿದರು. ಲಿಂಗಣ್ಣ ತಿರುಗಿದ. ಕಡೆಗೆ ಅಯ್ಯನವರೂ ಕತ್ತು ಹೊರಳಿಸಿದರು. ಎಲ್ಲರೂ ಅಮರಯ್ಯನನ್ನೇ ನೋಡತೊಡಗಿದರು.

“ಯಾರರ ಒಬ್ರು ಕೆಳಗ ಇಳೀರಿ,” ಎಂದಳು ಶೈಲಶ್ರೀ. “ನನ್ನ ತಮ್ಮನ್ನ ಮ್ಯಾಲ ಕರಕೊಂಡ ಬರ್ರಿ.”

ಯಾರೂ ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ.