ಪೂಜೆಯ ನಡುವೆ ಏಳಬಾರದು

ತೋಟಕೂರ, ಪಾಲಕೂರ ಅಂತ ಕೆಳಗಿನಿಂದ ಕೂಗುತ್ತಿದ್ದಾಳೆ ಸೊಪ್ಪಿನವಳು, ಭಾನುವಾರ ಬೇಗ ಬರುತ್ತಾಳೆ, ಎರಡು ಕಟ್ಟು ಪಾಲಕ್ ಬೇಕಾಗಿತ್ತು, ಇರಲಿ, ಕಣ್ಣು ಲಿಂಗದ ಮೇಲಿರಲಿ ಸುಮತಿ, ಎಡ ಅಂಗೈಯಲ್ಲಿ ಲಿಂಗ, ಲಿಂಗದ ಮೇಲೆ ಒಂದು ಬಿಲ್ವದೆಲೆ, ಬಿಲ್ವ ಅಂದರೆ ಈ ಬಾಲಾನಗರದ ಹೂವಿನವನಿಗೆ ತಿಳಿಯುವುದಿಲ್ಲ, ತೆಲುಗಿನಲ್ಲಿ ಮಾರೇಡು ಆಕು ಅನ್ನಬೇಕು, ಅಷ್ಟು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ತಾರಾಗೆ ಇವತ್ತಿಗೂ ತಿಳಿದಿರಲಿಕ್ಕಿಲ್ಲ, ತಿಳಿದು ಆಕೆಗೇನಾಗಬೇಕು — ಬಂದಳಲ್ಲ ಮತ್ತೆ, ಕೂತು ಐದು ನಿಮಿಷ ಆಗಿಲ್ಲ, ಆಗಲೇ ಮನಸ್ಸಿನೊಳಗೆ ತಾರಾ. ಮೈದುನ ಆನಂದಕುಮಾರನ ಹೆಂಡತಿ, ನನ್ನ ನೆಗೆಣ್ಣಿ. ಅತ್ತೆಗೆ ಪಾರ್ಶ್ವವಾಯು ಬಡಿದ ಮೂರನೇ ದಿನಕ್ಕೆ ಮಣಿಕೊಂಡದ ಮನೆಗೆ ಬೀಗ ಹಾಕಿ ಗಂಡನ ಜೊತೆ ಇಲ್ಲಿಗೆ ಬಂದವಳು, ನಾಲ್ಕು ದಿನ ಇದ್ದು ಹೋಗುತ್ತಾಳೆ ಅಂದುಕೊಂಡಿದ್ದೆ, ಐದು ತಿಂಗಳಾಯಿತು. ಬಂದ ದಿನವೇ ಹೇಳಿದಳು, ಅಕ್ಕಾ, ನನಗ ದೇವರ ಮ್ಯಾಲ ನಂಬಿಕಿ ಇಲ್ರಿ, ಸುಳ್ಳ ಹೇಳಾಕ ಬರೂದಿಲ್ಲ, ಪೂಜಾದ್ದೊಂದ ಬಿಟ್ಟು ಬ್ಯಾರೆ ಏನ ಕೆಲಸ ಇದ್ರೂ ಹೇಳ್ರಿ. ನನಗೆ ಖುಷಿಯೇ ಆಗಿತ್ತು, ಒಳ್ಳೆಯದಾಯಿತು, ಹಾಗಾದರೆ ಅತ್ತೆ ನನ್ನವರೇ, ಜ್ವರ ಬಂದರೂ ಲಿಂಗಪೂಜೆ ಬಿಡದ ಅತ್ತೆ, ಕೊರಳಲ್ಲಿ ಲಿಂಗವಿಲ್ಲದವಳನ್ನು, ಅಮೀರ್‌ಪೇಟ್‌ನಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳಿ ಬರುವ ದಾರಿಯಲ್ಲಿ ಎಗ್ ಪಫ್ ತಿಂದು ಬರುವವಳನ್ನು ಹತ್ತಿರ ಸೇರಿಸುವುದುಂಟೇ. ಸೇರಿಸಿದರು. ತಲೆ ಬಾಚಿಸಿಕೊಂಡರು, ಉಗುರು ತೆಗೆಸಿಕೊಂಡರು, ಫಿಸಿಯೋಥೆರಪಿಯವನು ಅಮ್ಮಾ, ಚೆಯ್ಯಿ ಎತ್ತಂಡಿ ಅಂದರೆ ಅವನ ಮುಖ ನೋಡದೆ ತಾರಾಳ ಮುಖ ನೋಡಿ ಕೈ ಎತ್ತಲು ಹೆಣಗಿದರು, ಅವಳು ಏನೋ ಅಂದಳು, ಸೊಟ್ಟ ಬಾಯಲ್ಲೇ ನಕ್ಕರು, ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತಿಗೆ ಒಮ್ಮೆಯಾದರೂ ಹಾಗೆ ನಕ್ಕಿದ್ದಾರೆಯೇ, ಹೊಟ್ಟೆ ಉರಿಯುತ್ತದೆ, ಹೌದು, ಲಿಂಗ ಕೈಯಲ್ಲಿಟ್ಟುಕೊಂಡೇ ಹೇಳುತ್ತೇನೆ, ಉರಿಯುತ್ತದೆ. ನಾನೇನು ಮಾಡಿದೆ, ಪೂಜೆ ಹೆಚ್ಚಿಸಿದೆ. ಮೊದಲು ಕಾಲು ಗಂಟೆ ಕೂರುತ್ತಿದ್ದವಳು ಅರ್ಧ ಗಂಟೆ ಕೂತೆ, ಆಮೇಲೆ ಮುಕ್ಕಾಲು ಗಂಟೆ, ಅತ್ತೆ ಮಂಚದಿಂದ ನೋಡಲಿ, ಈ ಮನೆಯಲ್ಲಿ ಅವರ ಭಕ್ತಿ ಯಾರಿಗೆ ಬಂದಿದೆ ಅಂತ.

ಪೂಜಾದ ನಡುವ ಏಳಬಾರದು, ಇದೇನು ನಾನು ಹುಟ್ಟಿಸಿದ ಮಾತಲ್ಲ, ಮದುವೆಯಾಗಿ ಬಂದ ವಾರದಲ್ಲಿ ಅತ್ತೆಯೇ ಹೇಳಿದ್ದು, ಒಲೆಯ ಮೇಲೆ ಹಾಲು ಉಕ್ಕಿತು ಅಂತ ನಾನು ಎದ್ದು ಓಡಿದ್ದೆ, ಹಾಲ ಹೋದ್ರ ಹೋಗ್ಲಿ, ಏನ ಆದ್ರೂ ಏಳಬಾರದವಾ. ಅದಕ್ಕೇ ಮಂಗಳವಾರ ಏಳಲಿಲ್ಲ. ಸುಮತೀ — ಕೇಳಿಸಿತು. ನನ್ನವರು ಕಾರ್ಖಾನೆಗೆ, ಮೈದುನ ಆಫೀಸಿಗೆ, ತಾರಾ ಆಗಷ್ಟೇ ಮೆಟ್ರೋ ಹಿಡಿಯಲು ಹೊರಟಿದ್ದಳು, ಮನೆಯಲ್ಲಿ ಅತ್ತೆ ಮತ್ತು ನಾನು. ಸುಮತೀ, ಬಾರವಾ, ತಡಕೊಳ್ಳಾಕ ಆಗವಲ್ದು. ಎರಡನೇ ಸಲ, ಮೂರನೇ ಸಲ, ನಾಲಿಗೆ ತೊದಲುವವರ ಕೂಗು, ಬೆಡ್‌ಪ್ಯಾನ್ ಮಂಚದ ಕೆಳಗೇ ಇತ್ತು, ಇಲ್ಲಿಂದ ಆರು ಹೆಜ್ಜೆ, ನಾನು ಲಿಂಗವನ್ನೇ ದಿಟ್ಟಿಸುತ್ತಿದ್ದೆ, ಅಷ್ಟು ಗಟ್ಟಿಯಾಗಿ ಯಾವತ್ತೂ ದಿಟ್ಟಿಸಿರಲಿಲ್ಲ, ನೀವೇ ಹೇಳಿದ್ದಲ್ಲವೇ ಅತ್ತಿ, ನೀವೇ ಹೇಳಿದ್ದು — ಇನ್ನೊಂದು ಮಾತೂ ಒಳಗಿತ್ತು, ಐದು ದಿನದಿಂದ ಅದನ್ನು ಬಾಯಿಗೆ ತಂದುಕೊಂಡಿಲ್ಲ, ತಾರಾನ್ನ ಕರೀರಿ, ಎಲ್ಲಿದ್ದಾಳೆ ಈಗ ನಿಮ್ಮ ತಾರಾ. ನಾಲ್ಕನೇ ಸಲ ಕರೆಯಲಿಲ್ಲ. ಅಳುವುದು ಕೇಳಿಸಿತು. ಆಮೇಲೆ ಬಾಗಿಲು ತೆರೆದ ಸದ್ದು, ತಾರಾ, ಫೋನು ಮರೆತಿದ್ದಳಂತೆ, ವಾಪಸ್ ಬಂದಿದ್ದಳು. ಚಪ್ಪಲಿ ಬಿಟ್ಟವಳು ನೇರ ಅತ್ತೆಯ ಹತ್ತಿರ ಹೋದಳು, ಚಾದರ ಬದಲಿಸಿದಳು, ಬಿಸಿನೀರಿಗೆ ಬಟ್ಟೆ ಅದ್ದಿ ಮೈ ಒರೆಸಿದಳು, ನನ್ನ ಪೂಜೆ ಮುಗಿಯುವ ಹೊತ್ತಿಗೆ ಅತ್ತೆಯ ಸೀರೆ ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದಳು, ಕೆಲಸಕ್ಕೆ ತಡವಾಯಿತು ಅಂತಲೂ ಅನ್ನಲಿಲ್ಲ. ಸಂಜೆ ಗಂಡಸರು ಬಂದ ಮೇಲಾದರೂ ಹೇಳಬಾರದಿತ್ತೇ, ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಜಗಳಕ್ಕಾದರೆ ನನ್ನ ಹತ್ತಿರ ಶಾಸ್ತ್ರವಿತ್ತು, ಅವಳು ಬಾಯಿ ಬಿಡಲಿಲ್ಲ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.

ನನ್ನದು ಅಂತ ಒಂದೇ ಒಂದು ಉಳಿದಿತ್ತು. ಲಿಂಗ ಹಿಡಿಯುವುದು ಎಡಗೈಯಲ್ಲಿ, ಅತ್ತೆಯ ಎಡಗೈಗೇ ಬಲವಿಲ್ಲ, ಐದು ತಿಂಗಳಿಂದ ದಿನವೂ ಆ ಕೈಯನ್ನು ಕೆಳಗಿನಿಂದ ನಾನೇ ಆನಿಸಿ ಹಿಡಿಯುತ್ತಿದ್ದೆ, ಅವರು ಬಲಗೈಯಿಂದ ಲಿಂಗಕ್ಕೆ ನೀರೆರೆದು ವಿಭೂತಿ ಹಚ್ಚುವರು, ಅಷ್ಟು ಹೊತ್ತು ಅವರ ಕೈಯ ಬಿಸಿ ನನಗೆ, ಅಷ್ಟು ಹೊತ್ತು ತಾರಾ ಬಾಗಿಲಾಚೆ. ಬುಧವಾರ ಹಿಡಿದೆ, ಗುರುವಾರ, ಶುಕ್ರವಾರ, ನಿನ್ನೆ, ಅತ್ತೆ ಮಂಗಳವಾರದ್ದನ್ನು ಮರೆತರು ಅಂದುಕೊಂಡೆ. ಇವತ್ತು ಮುಂಜಾನೆ ನಾನು ಎದುರಿಗೆ ಕೂರುತ್ತಿದ್ದಂತೆ ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ಮಡಿಲಿಗೆ ಎಳೆದುಕೊಂಡರು. ಇವತ್ತಿಂದ ತಾರಾ ಹಿಡೀಲಿ. ಅತ್ತಿ, ಆಕಿ ಕೊರಳಾಗ ಲಿಂಗ ಇಲ್ರಿ, ಆಕಿಗೆ ನಂಬಿಕಿನ ಇಲ್ರಿ. ಗೊತ್ತೈತವಾ, ನಂಬಿಕಿ ನಂದ ಐತಲ್ಲ, ಸಾಕು, ಆಕಿ ಕರದ್ರ ಬರ್ತಾಳ. ಸಿಟ್ಟಿನಲ್ಲಿ ಹೇಳಿದ್ದರೆ ಅತ್ತು ಕರೆದು ಗೆಲ್ಲಬಹುದಿತ್ತು, ಗಂಟೆ ಎಷ್ಟಾಯಿತು ಅಂತ ಹೇಳುವ ಹಾಗೆ ಹೇಳಿದರು. ನೀ ನಿನ್ನ ಪೂಜಾಕ್ಕ ಕೂಡು, ಹೊತ್ತಾಗತೈತಿ. ತಾರಾ ಬಚ್ಚಲಿನಿಂದ ಬಂದು ನಿಂತಳು, ನನಗ ಮಾಡಾಕ ಬರೂದಿಲ್ರಿ ಅತ್ತಿ, ತಪ್ಪಾದ್ರ ಏನ ಮಾಡೂದು ಅಂದಳು, ಅಂದರೂ ಕೂತಳು.

ನಾನೂ ಕೂತೆ. ತೆರೆದ ಬಾಗಿಲಲ್ಲಿ ಎಲ್ಲ ಕಾಣುತ್ತದೆ, ನೋಡಬಾರದು, ನೋಡುತ್ತಿದ್ದೇನೆ, ತಲೆಗೆ ಟವೆಲ್ ಸುತ್ತಿಕೊಂಡೇ ನೆಲಕ್ಕೆ ಮೊಣಕಾಲೂರಿದ್ದಾಳೆ, ಹಣೆ ಬೋಳು, ಅತ್ತೆಯ ಕೈ ಕೆಳಗೆ ತನ್ನ ಕೈ ಕೊಟ್ಟಿದ್ದಾಳೆ, ಹಾಗಲ್ಲ, ಮಣಿಕಟ್ಟನ್ನೂ ಆನಿಸಬೇಕು, ಲಿಂಗ ಜಾರಿದರೆ — ಜಾರಲಿ, ಬೀಳಲಿ, ಆಗ ತಿಳಿಯುತ್ತದೆ — ಅಯ್ಯೋ, ಏನಂದೆ ನಾನು, ಅತ್ತೆಯ ಲಿಂಗ ನೆಲಕ್ಕೆ ಬೀಳಲಿ ಅಂದೆನೇ, ಏನೂ ನಂಬದವಳು ಉಸಿರು ಬಿಗಿಹಿಡಿದು ಅದು ಬೀಳದಂತೆ ನೋಡಿಕೊಳ್ಳುತ್ತಿದ್ದಾಳೆ, ಮುಕ್ಕಾಲು ಗಂಟೆ ಪೂಜೆ ಮಾಡುವವಳು ನಾನು ಬೀಳಲಿ ಅನ್ನುತ್ತಿದ್ದೇನೆ. ಅತ್ತಿ, ನೀರ ಮೊದಲ ಕೊಡ್ಲೋ ವಿಭೂತಿ ಮೊದಲ ಕೊಡ್ಲೋ, ತಾರಾ ಕೇಳುತ್ತಿದ್ದಾಳೆ, ಅತ್ತೆ ಏನೋ ಅಂದರು, ತೊದಲು ಮಾತು, ತಿಳೀಲಿಲ್ರಿ ಅತ್ತಿ, ಅಕ್ಕಾರನ್ನ ಕರೀಲೇನ್ರಿ. ಕರಿ ತಾರಾ, ಕರಿ, ಇಷ್ಟಕ್ಕೇ ನಿಲ್ಲಿಸಿ ಬರುತ್ತೇನೆ, ನೀರು ಮೊದಲು, ಆಮೇಲೆ ವಿಭೂತಿ, ಕೈ ನೀನೇ ಹಿಡಿದಿರು, ಪಕ್ಕದಲ್ಲಿ ಕೂತು ಹೇಳಿಕೊಟ್ಟರೂ ಸಾಕು ನನಗೆ. ಅತ್ತೆ ಇತ್ತ ನೋಡಿದರು, ನನ್ನನ್ನೇ ನೋಡಿದರು. ಬ್ಯಾಡ. ಈ ಸಲ ನಾಲಿಗೆ ತೊದಲಲಿಲ್ಲ. ಆಕಿ ಪೂಜಾದಾಗ ಅದಾಳ, ಏಳೂದಿಲ್ಲ. ಏಳುತ್ತೇನೆ ಅತ್ತಿ, ಕರೀರಿ, ಒಂದೇ ಒಂದು ಸಲ, ಕರೆಯದೆ ನಾನಾಗಿಯೇ ಎದ್ದು ಹೋದರೆ — ಎದ್ದರೆ ಮಂಗಳವಾರವೂ ಏಳಬಹುದಿತ್ತು ಅಂತ ಆಗುತ್ತದೆ, ಕಾಲು ಏಳುತ್ತಿಲ್ಲ, ಲಿಂಗದ ಮೇಲೆ ಕಣ್ಣಿಟ್ಟರೆ ಲಿಂಗ ಕಾಣುತ್ತಿಲ್ಲ, ಅದೇ ಕಾಣುತ್ತದೆ, ಅತ್ತೆಯ ಕೈ, ಕೆಳಗೆ ತಾರಾಳ ಕೈ, ಕಣ್ಣು ಮುಚ್ಚಿದರೂ ಅದೇ, ಅತ್ತೆಯ ಕೈ, ಕೆಳಗೆ ತಾರಾಳ ಕೈ —